ಹಳೆಯ ಕಾರಿನ ಸಾಲ, ಹೊಸ ಕಾರಿನ ಲೀಸು

ಉದ್ಯೋಗನಿಮಿತ್ತ ಅಮೆರಿಕದಲ್ಲಿ ನೆಲೆಸಿರುವ ನಮ್ಮ ತರುಣ ಕುಟುಂಬಗಳಿಗೆ ಕಾರು ವೈಭವದ ವಸ್ತುವಲ್ಲ. ಬಸ್ಸಿನ ಸೌಕರ್ಯ ವಿರಳವಾದ ಅಲ್ಲಿನ ಬಹುತೇಕ ಊರುಗಳಲ್ಲಿ ಅದಿಲ್ಲದೆ ಹಾಲು ತರುವುದೂ ಕಷ್ಟ. ಆದುದರಿಂದ ಹೋದ ಹೊಸತರಲ್ಲಿಯೇ ಆರೇಳು ವರ್ಷಗಳ ಕಂತಿನ ಮೇಲೆ ಕಾರು ಮನೆಗೆ ಬರುತ್ತದೆ. ಮೊದಲ ವರ್ಷಗಳಲ್ಲಿ ಕಾರಿನ ಬೆಲೆ ಬೇಗನೆ ಕುಸಿಯುತ್ತದೆ, ಸಾಲದ ಅಸಲು ಮಾತ್ರ ನಿಧಾನವಾಗಿ ಕರಗುತ್ತದೆ. ಕಾರಿಗೆ 18,000 ಡಾಲರ್ ಬೆಲೆ ಬರುವಾಗ ಬ್ಯಾಂಕಿಗೆ 23,000 ಡಾಲರ್ ಬಾಕಿ ಉಳಿದಿದೆ ಎಂದಿಟ್ಟುಕೊಳ್ಳೋಣ. ಈ 5,000 ಡಾಲರುಗಳ ಕೊರತೆಯನ್ನೇ ಅಲ್ಲಿಯವರು ‘ನೆಗೆಟಿವ್ ಈಕ್ವಿಟಿ’ ಎನ್ನುವರು. 2021-22ರಲ್ಲಿ ಚಿಪ್‌ಗಳ ಅಭಾವದಿಂದ ಬೆಲೆ ಏರಿದ್ದಾಗ ಕಾರು ಕೊಂಡ ಅನೇಕರು, ಬೆಲೆ ಇಳಿದ ಬಳಿಕ ಈ ಇಕ್ಕಟ್ಟಿಗೆ ಸಿಲುಕಿದರು.

ಇಂಥವರ ಮುಂದೆ ಡೀಲರ್ ಒಂದು ದಾರಿಯನ್ನಿಡುತ್ತಾನೆ: ಹಳೆಯ ಕಾರನ್ನು ಬಿಟ್ಟು, ಹೊಸದನ್ನು ಮೂರು ವರ್ಷದ ಲೀಸಿಗೆ ಒಯ್ಯುವುದು. ನಮ್ಮ ಬೆಂಗಳೂರಿನಲ್ಲಿ ಲೀಸಿಗೆ ಮನೆ ಹಿಡಿದವರಿಗೆ ಕೊಟ್ಟ ಹಣ ಕೊನೆಗೆ ಮರಳಿ ಬರುತ್ತದೆ. ಅಲ್ಲಿಯ ಕಾರಿನ ಲೀಸಿನಲ್ಲಿ ಹಾಗಿಲ್ಲ. ಮೂರು ವರ್ಷದ ಸವಕಳಿಯನ್ನೂ ಬಡ್ಡಿಯನ್ನೂ ತೆತ್ತು ಬರಿಗೈಯಲ್ಲಿ ಕಾರನ್ನು ಒಪ್ಪಿಸಿ ಬರಬೇಕು.

ಲೆಕ್ಕ ಕಠಿಣವೇನಲ್ಲ. ಹೊಸ ಕಾರಿನ ಬೆಲೆ 32,000 ಡಾಲರ್, ಮೂರು ವರ್ಷದ ಅನಂತರದ ಉಳಿಕೆ ಬೆಲೆ 19,200, ಬಡ್ಡಿ ಸುಮಾರು ಶೇ. 6 ಎಂದುಕೊಂಡರೆ ತಿಂಗಳಿಗೆ ತೆರಿಗೆ ಬಿಟ್ಟು ಸುಮಾರು 484 ಡಾಲರ್. ಹಳೆಯ 5,000 ಸೇರಿದೊಡನೆ ಅದು 635 ಆಗುತ್ತದೆ. ಉಳಿಕೆ ಬೆಲೆಯೇನೂ ಹೆಚ್ಚದ ಕಾರಣ, ಆ ಸಾಲವಷ್ಟೂ 36 ತಿಂಗಳುಗಳಲ್ಲಿ ಬಡ್ಡಿಸಹಿತ ಸುಮಾರು 5,450 ಡಾಲರಾಗಿ ವಸೂಲಾಗುತ್ತದೆ. ಮನೆಯಂಗಳದಲ್ಲಿ ಇಲ್ಲದ ಕಾರಿಗೆ ಕಂತು ಕಟ್ಟುವುದೆಂದರೆ ಇದೇ. “ನಿಮ್ಮ ಸಾಲವನ್ನು ನಾವೇ ತೀರಿಸುತ್ತೇವೆ” ಎಂದು ಹೇಳಿ ಅದನ್ನು ಗುಟ್ಟಾಗಿ ಹೊಸ ಒಪ್ಪಂದಕ್ಕೆ ಸೇರಿಸುವುದು ಕಾನೂನುಬಾಹಿರವೆಂದು ಅಲ್ಲಿಯ ಫೆಡರಲ್ ಟ್ರೇಡ್ ಕಮಿಷನ್ ಎಚ್ಚರಿಸಿದೆ.

ಒಂದು ಗುಣವನ್ನು ಅಲ್ಲಗಳೆಯಲಾಗದು. ಅದೇ ಕೊರತೆಯನ್ನು ಏಳು ವರ್ಷದ ಹೊಸ ಸಾಲಕ್ಕೆ ಸೇರಿಸಿದರೆ ಹಳೆಯ ಋಣ ಏಳು ವರ್ಷ ಎಳೆಯುತ್ತದೆ. ಲೀಸಿನಲ್ಲಿ ಮೂರು ವರ್ಷಕ್ಕೆ ಮುಗಿಯುತ್ತದೆ. ಆದರೆ ಅವಧಿ ಪೂರ್ತಿ ನಡೆದರೆ ಮಾತ್ರ. ಎಚ್-1ಬಿ ವೀಸಾದ ಮೇಲಿರುವವರಿಗೆ ಕೆಲಸ ಹೋದರೆ ದೊರೆಯುವ ಕಾಲಾವಕಾಶ ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಬೇರೆ ಕೆಲಸ ಸಿಗದೆ ಊರಿಗೆ ಹೊರಟು ನಿಂತಾಗ, ಲೀಸನ್ನು ನಡುವೆ ಮುರಿಯುವ ದಂಡ ಸಾವಿರಾರು ಡಾಲರ್ ತಲುಪಬಹುದು. ಹಳೆಯ ಸಾಲ ಸೇರಿದ್ದರಂತೂ ಇನ್ನೂ ಭಾರ. ಕಾರು ಅಪಘಾತದಲ್ಲಿ ನಾಶವಾದರೆ ವಿಮೆಗೂ ಬಾಕಿಗೂ ನಡುವಿನ ಅಂತರ ತುಂಬುವ ‘ಗ್ಯಾಪ್’ ರಕ್ಷಣೆಯೂ, ಹಿಂದಿನ ಕಾರಿನ ಸಾಲವನ್ನು ಹಲವು ವೇಳೆ ಹೊರಗಿಡುತ್ತದೆ. ವೀಸಾದ ನೆಲೆ ಭದ್ರವಿಲ್ಲದವರು ಈ ದಾರಿ ಹಿಡಿಯಬಾರದೆಂಬುದೇ ನಮ್ಮ ಅಭಿಪ್ರಾಯ.

ಹಳೆಯ ಕಾರು ಓಡುತ್ತಿದ್ದರೆ ಇನ್ನೆರಡು ವರ್ಷ ಅದನ್ನೇ ಓಡಿಸಿ, ಅಸಲಿಗೆ ಪ್ರತಿ ತಿಂಗಳೂ ಅಷ್ಟಿಷ್ಟು ಹೆಚ್ಚು ಕಟ್ಟುವುದು ಮೇಲು. ಮಾರಲೇಬೇಕಾದರೆ ಡೀಲರಿಗಿಂತ ಖಾಸಗಿ ಗಿರಾಕಿ ಸಾಮಾನ್ಯವಾಗಿ ಹೆಚ್ಚು ಬೆಲೆ ಕೊಡುತ್ತಾನೆ. ಆದರೆ ಬ್ಯಾಂಕಿನ ಬಾಕಿಯನ್ನು ಪೂರ್ತಿ ತೀರಿಸಿದ ಹೊರತು ಕಾರಿನ ಹಕ್ಕುಪತ್ರ ಕೈಗೆ ಬಾರದು.

ಆದರೂ ಲೀಸೇ ಆಗಬೇಕೆಂದು ಮಕ್ಕಳು ನಿಶ್ಚಯಿಸಿದರೆ, ಸಹಿಗೆ ಮುನ್ನ 1976ರ ಗ್ರಾಹಕ ಲೀಸ್ ಕಾಯಿದೆಯಂತೆ ಕೊಡಬೇಕಾದ ವಿವರಪತ್ರವನ್ನು ಕೇಳಿ ಪಡೆಯಲಿ. ಅದರಲ್ಲಿ ‘ಗ್ರಾಸ್ ಕ್ಯಾಪಿಟಲೈಸ್ಡ್ ಕಾಸ್ಟ್’ ಎಂಬ ಒಟ್ಟು ಮೊತ್ತದೊಳಗೆ ಹಿಂದಿನ ಸಾಲವೂ ಅಡಗಿರುತ್ತದೆ. ಅದರ ಬಿಡಿ ಲೆಕ್ಕ ಬೇಕೆಂದು ಸೂಚಿಸಲು ಪಕ್ಕದಲ್ಲೊಂದು ಚಿಕ್ಕ ಚೌಕವಿರುತ್ತದೆ. ಅಲ್ಲಿ ಗುರುತು ಹಾಕಿ, ಬಿಡಿ ಲೆಕ್ಕವನ್ನು ಮನೆಗೆ ತಂದು ಗಂಡಹೆಂಡಿರಿಬ್ಬರೂ ಕೂತು ಓದಲಿ.