ಕೊಟ್ಟಿಗೆಯ ತೇವ, ಹಿಂಡಿಯ ಬೂಷ್ಟು



ನಮ್ಮದು ಮಳೆ ಕಡಿಮೆ ಬೀಳುವ ಜಿಲ್ಲೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಗೆ ನೀರಿನ ಕೊರತೆಯ ಮಾತೇ ಹೆಚ್ಚು. ಆದರೆ ಸೆಪ್ಟೆಂಬರ್ ಮಳೆ ಮುಗಿದು ಚಳಿ ಬೀಳುವ ಹೊತ್ತಿಗೆ ಕೊಟ್ಟಿಗೆಯೊಳಗೆ ನೋಡಿರಿ. ತಗಡು ಎಲ್ಲಿಯೂ ಸೋರುವುದಿಲ್ಲ, ಆದರೂ ಬೆಳಗಿನ ಜಾವ ಹನಿ ಬೀಳುತ್ತದೆ. ಮೂಲೆಯಲ್ಲಿಟ್ಟ ಪಶು ಆಹಾರದ ಚೀಲದ ತಳ ಹೆಂಟೆಗಟ್ಟಿರುತ್ತದೆ.

ಈ ನೀರು ಎಲ್ಲಿಂದ ಬರುತ್ತದೆ?

ಮೊದಲನೆಯದು, ದನಗಳ ಉಸಿರು. ಚಳಿಗೆಂದು ಬಾಗಿಲು, ಕಿಂಡಿ ಮುಚ್ಚಿದರೆ ಉಸಿರಿನ ಮತ್ತು ಗಂಜಲದ ಆವಿ ಒಳಗೇ ಉಳಿಯುತ್ತದೆ. ರಾತ್ರಿ ತಗಡು ಬೇಗನೆ ತಣ್ಣಗಾಗುತ್ತದೆ. ತಣ್ಣೀರು ತುಂಬಿದ ತಂಬಿಗೆಯ ಹೊರಮೈ ಬೆವರುವಂತೆ ತಗಡಿನ ಒಳಮೈ ಬೆವರುತ್ತದೆ. ಮಣ್ಣಿನ ಮಾಳಿಗೆ ಇಷ್ಟು ಬೇಗ ತಣ್ಣಗಾಗದ ಕಾರಣ ಅಲ್ಲಿ ಈ ತೊಂದರೆ ಕಡಿಮೆ.

ಎರಡನೆಯದು, ನೆಲ. ಎರೆಮಣ್ಣು ನೀರು ಹಿಡಿದಿಡುತ್ತದೆ, ನೆನೆದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಗರಸು ತುಂಬದೆ ಎರೆಯ ಮೇಲೆಯೇ ಹಾಸಿದ ಪರಸಿ ಕಲ್ಲು ಕ್ರಮೇಣ ಎದ್ದು ಸಂದು ಬಿಡುತ್ತದೆ. ಸಂದಿನಲ್ಲಿ ಗಂಜಲ ನಿಲ್ಲುತ್ತದೆ. ಅದರಿಂದ ಗೊರಸು ಕೊಳೆಯುವ ರೋಗಕ್ಕೂ ಕೆಚ್ಚಲು ಬಾವಿಗೂ ದಾರಿಯಾಗುತ್ತದೆ.

ತೇವ ಯಾವುದರಿಂದ ಎಂದು ತಿಳಿಯಲು, ಚೀಲ ಇಡುವ ಜಾಗದಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ, ಅಂಚಿಗೆ ಕಲ್ಲು ಹೇರಿ, ಒಂದು ಹಗಲು ಒಂದು ರಾತ್ರಿ ಬಿಡಿರಿ. ಹಾಳೆಯ ಕೆಳಮೈ ಒದ್ದೆಯಾದರೆ ನೀರು ನೆಲದಿಂದ ಏರುತ್ತಿದೆ. ಮೇಲ್ಮೈ ಒದ್ದೆಯಾದರೆ ಗಾಳಿಯಿಂದ ಇಳಿಯುತ್ತಿದೆ.

ಹಾಲಿಗೂ ಇದಕ್ಕೂ ಏನು ಸಂಬಂಧ?

ತೇವ ತಗುಲಿದ ಶೇಂಗಾ ಹಿಂಡಿ, ಹತ್ತಿಕಾಳು ಹಿಂಡಿ, ಗೋವಿನಜೋಳದಲ್ಲಿ ಬೆಳೆಯುವ ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷ ಉಂಟುಮಾಡುತ್ತವೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಶೇಂಗಾ ಹಿಂಡಿ ತಿಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ ಈ ವಿಷ ಬೆಳಕಿಗೆ ಬಂತು. ಆಕಳು, ಎಮ್ಮೆ ತಿಂದ ವಿಷದ ಒಂದು ಪಾಲು ರೂಪ ಬದಲಿಸಿ ಹಾಲಿಗೆ ಇಳಿಯುತ್ತದೆ. ಹಾಲು ಕಾಯಿಸಿದರೂ, ಡೇರಿಯಲ್ಲಿ ಪಾಶ್ಚರೀಕರಿಸಿದರೂ ಅದು ಹೋಗುವುದಿಲ್ಲ. ಕಾನೂನಿನ ಮಿತಿ ಒಂದು ಕಿಲೋ ಹಾಲಿಗೆ 0.5 ಮೈಕ್ರೋಗ್ರಾಂ, ಅಂದರೆ ಒಂದು ಲಕ್ಷ ಕಿಲೋ ಹಾಲಿನಲ್ಲಿ ಒಂದು ಗ್ರಾಂನ ಇಪ್ಪತ್ತರಲ್ಲೊಂದು ಪಾಲು. 2018ರ ರಾಷ್ಟ್ರೀಯ ಹಾಲು ಸಮೀಕ್ಷೆಯಲ್ಲಿ 6,432 ಮಾದರಿಗಳ ಪೈಕಿ 368 ಈ ಮಿತಿ ದಾಟಿದ್ದವು.

ಏನು ಮಾಡಬೇಕು?

1. ಚೀಲಗಳನ್ನು ನೆಲದಿಂದ ಅರ್ಧ ಅಡಿ ಎತ್ತರದ ಹಲಗೆಯ ಮೇಲೆ, ಗೋಡೆಯಿಂದ ಒಂದು ಅಡಿ ದೂರ ಇಡಿರಿ. ದನ ಕಟ್ಟುವ ಜಾಗದಲ್ಲಿ ಇಡಬೇಡಿರಿ.

2. ತಗಡಿನ ನೆತ್ತಿಯಲ್ಲಿ ಆವಿ ಹೋಗಲು ದಾರಿ ಬಿಡಿರಿ. ಚಳಿಗಾಳಿಯನ್ನು ದನದ ಎತ್ತರದವರೆಗೆ ಮಾತ್ರ ತಡೆಯಿರಿ.

3. ಹಳೆಯ ಚೀಲ ಮುಗಿಸಿ ಹೊಸದನ್ನು ಬಿಚ್ಚಿರಿ. ಬಿಸಿಲಿಗೆ ಪೂರ್ತಿ ಒಣಗದ ಗೋವಿನಜೋಳ, ಶೇಂಗಾ ಹೊಟ್ಟು ಕೂಡಿಡಬೇಡಿರಿ.

4. ನೆಲ ಹೊಸದಾಗಿ ಮಾಡುವಾಗ ಎರೆ ತೆಗೆದು ಗರಸು ತುಂಬಿ ಧಮ್ಮಸು ಮಾಡಿಸಿರಿ. ಕಲ್ಲಿನ ಸಂದುಗಳನ್ನು ಸಿಮೆಂಟಿನಿಂದ ತುಂಬಿ, ಗಟಾರದ ಕಡೆಗೆ ಐದು ಅಡಿಗೆ ಒಂದು ಇಂಚು ಇಳಿಜಾರು ಕೊಡಿರಿ.

5. ಬೂಷ್ಟು ಹಿಡಿದ ಹಿಂಡಿಯನ್ನು ತೊಳೆದು ಒಣಗಿಸಿದರೆ ವಿಷ ಹೋಗದು. ಒಳ್ಳೆಯದರಲ್ಲಿ ಬೆರೆಸದೆ, ದನಕರು ಮುಟ್ಟದಂತೆ ಹೂಳಿರಿ. ಅಂಥ ಆಹಾರ ನಿಲ್ಲಿಸಿದ ಮೂರ್ನಾಲ್ಕು ದಿನಗಳಲ್ಲಿ ಹಾಲಿನಲ್ಲಿನ ವಿಷ ಬಹುಮಟ್ಟಿಗೆ ಇಳಿಯುತ್ತದೆ.

ಕೆಟ್ಟ ಚೀಲ ಚೆಲ್ಲುವಾಗ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ರೊಕ್ಕ ಕೊಟ್ಟು ತಂದದ್ದು. ಆದರೆ ಸಂಘದ ಕ್ಯಾನಿಗೆ ಸುರಿದ ಮೇಲೆ ಒಬ್ಬರ ಹಾಲು ಎಲ್ಲರ ಹಾಲಿನೊಡನೆ ಕೂಡುತ್ತದೆ. ಅದೇ ಹಾಲನ್ನು ನಮ್ಮ ಮನೆಯ ಮಕ್ಕಳೂ ಕುಡಿಯುತ್ತಾರೆ. ಇಂದು ಸಂಜೆ ಹಾಲು ಹಿಂಡಿದ ಮೇಲೆ ಚೀಲದ ತಳಕ್ಕೆ ಒಮ್ಮೆ ಕೈಯಿಟ್ಟು ನೋಡಿರಿ.