ದೃಶ್ಯಕ್ರಮದ ನಕ್ಷೆಯೂ ಲಾವಣಿ ಮೇಳದ ಏರ್ಪಾಡೂ

ಮಾತು, ಚಿತ್ರ, ನಾದ ಈ ಮೂರನ್ನೂ ಕೂಡಿಸಿ ಕಥೆ ಹೇಳಹೊರಟವರು ಅದನ್ನು ಮೊದಲೇ ಬಿಡಿಬಿಡಿ ದೃಶ್ಯಗಳಾಗಿ ವಿಂಗಡಿಸಿ, ಯಾವುದರ ಹಿಂದೆ ಯಾವುದು ಬರಬೇಕು, ಯಾವ ದೃಶ್ಯಕ್ಕೆ ಯಾವ ಮಾತು, ಯಾವ ಮಾತಿಗೆ ಯಾವ ಧ್ವನಿ ಎಂಬುದನ್ನು ಗೊತ್ತುಮಾಡಿಕೊಳ್ಳುವುದುಂಟು. ಚಲಚ್ಚಿತ್ರದವರು ಇದಕ್ಕೆ ಸ್ಟೋರಿಬೋರ್ಡ್ ಎನ್ನುತ್ತಾರೆ. ಕನ್ನಡದಲ್ಲಿ ದೃಶ್ಯಕ್ರಮದ ನಕ್ಷೆಯೆನ್ನಬಹುದು. ೧೯೩೦ರ ದಶಕದ ಆದಿಯಲ್ಲಿ ಅಮೆರಿಕೆಯ ವಾಲ್ಟ್ ಡಿಸ್ನಿಯ ಚಿತ್ರಶಾಲೆಯಲ್ಲಿ ಕಲಾವಿದರು ತಾವು ಬರೆದ ಚಿತ್ರಗಳನ್ನು ಹಲಗೆಯ ಮೇಲೆ ಸಾಲಾಗಿ ಚುಚ್ಚಿ, ಅದರ ಮುಂದೆ ನಿಂತು ಚರ್ಚಿಸಿ, ಬೇಡವಾದುದನ್ನು ಕಿತ್ತು, ಬೇಕಾದುದನ್ನು ಸ್ಥಳಾಂತರಿಸಿ ಕಥೆಯನ್ನು ತಿದ್ದುತ್ತಿದ್ದರು. ಹಲವರ ಕಣ್ಣು ಒಂದೇ ಕಡೆ ನೆಟ್ಟು, ಯಾರ ಕೈಯಾದರೂ ಒಂದು ಚಿತ್ರವನ್ನು ಕದಲಿಸಬಹುದಾಗಿದ್ದುದೇ ಆ ಪದ್ಧತಿಯ ಬಲ.

ಇಂಥ ನಕ್ಷೆಯನ್ನು ವಯಸ್ಕ ವಿದ್ಯಾರ್ಥಿಗಳ ಕೂಟವೊಂದು ಸಿದ್ಧಪಡಿಸಬೇಕಾದಾಗ ಬೇರೊಂದು ತೊಡಕು ಹುಟ್ಟುತ್ತದೆ. ಬಾಲಕರು ಗುರುಗಳು ಹೇಳಿದ ಕ್ರಮವನ್ನು ಒಪ್ಪಿಕೊಳ್ಳುವರು. ವಯಸ್ಕರಾದರೋ ಬಾಳಿನ ಅನುಭವವನ್ನೂ, ಕಥೆಯೆಂದರೆ ಹೇಗಿರಬೇಕೆಂಬ ಸ್ವಂತ ಅಭಿಪ್ರಾಯವನ್ನೂ ಹೊತ್ತು ಬರುವರು. ಆದರೆ ಅಕ್ಷರಜ್ಞಾನ ಅವರಲ್ಲಿ ಸಮನಾಗಿ ಹಂಚಿರುವುದಿಲ್ಲ. ಚೌಕಗಳನ್ನು ಗೀಚಿದ ಕಾಗದವೊಂದನ್ನು ನಡುವೆ ಇಟ್ಟೊಡನೆ ಲೇಖನಿ ಓದುಬರೆಹ ಬಲ್ಲವನ ಕೈಗೆ ತಾನಾಗಿಯೇ ಸರಿಯುತ್ತದೆ. ಉಳಿದವರು ಹೇಳುವವರಾಗುತ್ತಾರೆ, ಆಮೇಲೆ ಕೇಳುವವರಾಗುತ್ತಾರೆ, ಕಡೆಗೆ ತಲೆದೂಗುವವರಷ್ಟೇ ಆಗುತ್ತಾರೆ. ಕೂಟದ ಹೆಸರಿನಲ್ಲಿ ಒಬ್ಬನ ಕಥೆ ಹೊರಡುತ್ತದೆ.

ಭೀಮೆ ಕೃಷ್ಣೆಗಳ ನಡುವಣ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯಲ್ಲಿ ಈ ತೊಡಕಿಗೆ ಬಹುಕಾಲದಿಂದ ಒಂದು ಪರಿಹಾರವಿದೆ. ಅದನ್ನು ಪರಿಹಾರವೆಂದು ಯಾರೂ ಗುರುತಿಸಿಲ್ಲವಷ್ಟೆ. ಗೀಗೀ ಪದದ ಮೇಳದಲ್ಲಿ ಮುಂದಾಳು ಡಪ್ಪು ಹಿಡಿದು ಹಾಡನ್ನು ಎತ್ತುವನು. ಹಿಮ್ಮೇಳದವರಲ್ಲಿ ಒಬ್ಬನು ತುಂತುಣಿಯನ್ನು ಮೀಟಿದರೆ, ಇನ್ನೊಬ್ಬನು ತಾಳ ಹಾಕುವನು. ಮೂವರೂ ವಯಸ್ಕರು; ದಿನದ ದುಡಿಮೆ ಮುಗಿಸಿ ಬಂದವರು. ಹರದೇಶಿ ಮೇಳದವರು ಪುರುಷನೇ ಹೆಚ್ಚೆಂದೂ, ನಾಗೇಶಿ ಮೇಳದವರು ಸ್ತ್ರೀಯೇ ಹೆಚ್ಚೆಂದೂ ಪಕ್ಷ ಹಿಡಿದು ರಾತ್ರಿಯೆಲ್ಲ ಸವಾಲು ಜವಾಬು ನಡೆಸುವುದರಿಂದ, ಮುಂದೇನು ಹಾಡಬೇಕೆಂಬುದನ್ನು ತಾಲೀಮಿನಲ್ಲಿ ಅರ್ಧ, ಜನರೆದುರಿನಲ್ಲಿ ಅರ್ಧ ಗೊತ್ತುಮಾಡಬೇಕಾಗುತ್ತದೆ. ಆ ಕೆಲಸ ಕಾಗದವಿಲ್ಲದೆ ಹೇಗೆ ಸಾಗುತ್ತದೆ?

ಲಾವಣಿಯ ಅಂಗಗಳಿಗೆ ಇರುವ ಹೆಸರುಗಳೇ ಇದಕ್ಕೆ ಉತ್ತರ. ಪಲ್ಲ, ನುಡಿ, ಚಾಲ, ಏರು, ಇಳುವು, ಕೂಡುಪಲ್ಲ ಎಂಬ ಮಾತುಗಳು ಛಂದಶ್ಶಾಸ್ತ್ರದ ಗ್ರಂಥದಿಂದ ಇಳಿದು ಬಂದವಲ್ಲ; ಹಾಡುವವರ ಬಾಯಲ್ಲಿ ಬೆಳೆದು ನಿಂತವು. ಏರು ಎಂದರೆ ಧ್ವನಿ ಮೇಲಕ್ಕೆ ಹೋಗುವ ಸ್ಥಾನ, ಇಳುವು ಎಂದರೆ ಅದು ತಗ್ಗುವ ಸ್ಥಾನ, ಕೂಡುಪಲ್ಲವೆಂದರೆ ನುಡಿ ಮುಗಿದು ಮರಳಿ ಪಲ್ಲವನ್ನು ಕೂಡುವ ಸ್ಥಾನ. ಒಂದೊಂದು ಹೆಸರಿನಲ್ಲೂ ಸಾಹಿತ್ಯ, ಧಾಟಿ, ವಾದ್ಯದ ಗತಿ ಮೂರೂ ಒಟ್ಟಿಗೆ ಅಡಗಿವೆ. ಆದುದರಿಂದ ಈ ಮಾತನ್ನು ಏರಿನಲ್ಲಿ ಇಡೋಣ, ಇಳುವಿನಲ್ಲಿ ಬೇಡ ಎಂದು ತಾಳ ಹಾಕುವವನು ಸೂಚಿಸಿದರೂ ಸೂಚನೆ ಪೂರ್ಣವಾಗಿರುತ್ತದೆ. ಅವನಿಗೆ ಅಕ್ಷರ ಬಂದಿರಬೇಕೆಂಬ ನಿಯಮವಿಲ್ಲ. ದೃಶ್ಯಕ್ರಮದ ನಕ್ಷೆಯಲ್ಲಿ ಚೌಕಗಳು ಮಾಡುವ ಕಾರ್ಯವನ್ನು ಇಲ್ಲಿ ಈ ಹೆಸರುಗಳು ಮಾಡುತ್ತವೆ. ಮುಂದಾಳಿನ ಹಿರಿತನವು ಇದರಿಂದ ಅಳಿಯುವುದಿಲ್ಲ; ಮೇಳವೆಂದರೆ ಸಮಾನರ ಸಭೆಯೆಂದು ಭಾವಿಸುವುದು ಅತಿಶಯೋಕ್ತಿಯಾದೀತು. ಆದರೆ ಅವನ ಹಿರಿತನ ಕಂಠದಿಂದಲೂ ನೆನಪಿನಿಂದಲೂ ಬಂದುದು. ಅದನ್ನು ಉಳಿದವರು ಕಿವಿಯಿಂದ ಪರೀಕ್ಷಿಸಬಲ್ಲರು. ಬರೆದವನ ಬರೆಹವನ್ನು ಹಾಗೆ ಪರೀಕ್ಷಿಸಲಾರರು.

ಇದೇ ಸೀಮೆಯಲ್ಲಿ ಲೇಖನಿ ಹಿಡಿದವರ ಸಹಕಾರಕ್ಕೂ ಒಂದು ಶ್ರೇಷ್ಠ ನಿದರ್ಶನವಿದೆ. ಅಂದು ಇಂಡಿ ತಾಲ್ಲೂಕಿಗೆ ಸೇರಿದ್ದು ಈಗ ಚಡಚಣ ತಾಲ್ಲೂಕಿನಲ್ಲಿರುವ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಮೊದಲಾದ ಗೆಳೆಯರು ಕೂಡಿ, ಒಬ್ಬರಿಂದೊಬ್ಬರು ಕಲಿಯುತ್ತ, ಹಳ್ಳಿಯ ಹಾಡುಗಳನ್ನು ಸಂಗ್ರಹಿಸಿದರು. ‘ಗರತಿಯ ಹಾಡು’ ೧೯೩೧ರಲ್ಲಿಯೂ, ‘ಜೀವನ ಸಂಗೀತ’ ೧೯೩೩ರಲ್ಲಿಯೂ, ‘ಮಲ್ಲಿಗೆ ದಂಡೆ’ ೧೯೩೫ರಲ್ಲಿಯೂ ಹೊರಬಂದವು. ಈ ಸಂಗ್ರಹಗಳ ಋಣ ಕನ್ನಡದ ಮೇಲೆ ಬಹಳವಿದೆ. ಆದರೂ ಪ್ರಕೃತ ವಿಷಯಕ್ಕೆ ಸಂಬಂಧಿಸಿದ ಒಂದು ಮಾತನ್ನು ಹೇಳದೆ ವಿಧಿಯಿಲ್ಲ. ಬೀಸುವಾಗ ಹಾಡುವ ತ್ರಿಪದಿಗಳು ಒಂದೊಂದೂ ಬಿಡಿಯಾಗಿ ನಿಲ್ಲಬಲ್ಲವು; ಹಾಡುವವಳು ಆ ಹೊತ್ತಿನ ಮನಸ್ಸಿಗೆ ತಕ್ಕಂತೆ ತವರಿನ ಪದದ ಹಿಂದೆ ಅಣ್ಣನ ಪದವನ್ನೋ ಕೂಸಿನ ಪದವನ್ನೋ ಪೋಣಿಸುವಳು. ಪುಸ್ತಕದಲ್ಲಿ ಆ ಪೋಣಿಕೆ ವಿಷಯಾನುಸಾರವಾದ ವಿಭಾಗವಾಗಿ ನಿಂತಿತು. ಹಾಡುಗಳು ಹೆಂಗಸರವು, ಕ್ರಮ ಸಂಪಾದಕರದು. ಮುದ್ರಣಕ್ಕೆ ಬೇರೆ ದಾರಿಯಿರಲಿಲ್ಲವೆಂಬುದು ನಿಜ. ಕ್ರಮವನ್ನು ನಿರ್ಣಯಿಸುವುದೂ ರಚನೆಯ ಒಂದು ಭಾಗವೆಂಬುದೂ ಅಷ್ಟೇ ನಿಜ.

ಕಾಲಾಂತರದಲ್ಲಿ ಬಾಗಲಕೋಟೆಯೂ ಸೇರಿದ್ದ ಅಂದಿನ ಬಿಜಾಪುರ ಜಿಲ್ಲೆಯಲ್ಲಿ, ೧೯೯೦ರ ದಶಕದ ಮೊದಲಲ್ಲಿ, ಸಂಪೂರ್ಣ ಸಾಕ್ಷರತೆಯ ಆಂದೋಲನ ನಡೆಯಿತು. ಇಂಥ ಆಂದೋಲನಗಳಲ್ಲಿ ಕಲಾಜಾಥಾಗಳು ಹಾಡು ಕಿರುನಾಟಕಗಳಿಂದ ಜನರನ್ನು ಪಾಠದತ್ತ ಸೆಳೆಯುತ್ತಿದ್ದವು. ಅಕ್ಷರಕ್ಕೆ ಮುಂಚೆ ದೃಶ್ಯವೂ ಧ್ವನಿಯೂ ಬರಬೇಕೆಂಬ ತತ್ತ್ವ ಹೊಸದಲ್ಲ. ಬ್ರಜಿಲ್ ದೇಶದ ಪಾವ್ಲೊ ಫ್ರೇರೆ ೧೯೬೩ರಲ್ಲಿ ಆಂಜಿಕೊಸ್ ಎಂಬ ಊರಿನಲ್ಲಿ ಕೂಲಿಕಾರರಿಗೆ ಓದುಬರೆಹ ಕಲಿಸಿದಾಗ, ಅವರ ಬಾಳಿನ ಸನ್ನಿವೇಶಗಳ ಚಿತ್ರಗಳನ್ನು ಮುಂದಿಟ್ಟು ಮಾತಾಡಿಸುವುದು ಆತನ ಪದ್ಧತಿಯ ಅಂಗವಾಗಿತ್ತು. ಆದರೆ ಅಲ್ಲಿ ಚಿತ್ರಗಳನ್ನು ಬರೆದವನು ಕಲಾವಿದ. ಕಲಿಯುವವರು ನೋಡಿ ಚರ್ಚಿಸಿದರು. ಚಿತ್ರದ ಕ್ರಮವನ್ನು ಕಲಿಯುವವರೇ ಕಟ್ಟುವುದು ಇನ್ನೊಂದು ಹೆಜ್ಜೆ.

ಆ ಹೆಜ್ಜೆಯನ್ನು ಇಟ್ಟವರು ಬೀದರ ಜಿಲ್ಲೆಗೆ ಅಂಟಿಕೊಂಡಿರುವ ಜಹೀರಾಬಾದ್ ಸೀಮೆಯ ದಲಿತ ಹೆಣ್ಣುಮಕ್ಕಳು. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳಿಗೆ ಸೇರಿದ, ಹಲವರು ಅಕ್ಷರವನ್ನೇ ಕಾಣದ ಈ ಒಕ್ಕಲು ಹೆಂಗಸರು ವೀಡಿಯೊ ಚಿತ್ರಣವನ್ನು ಕಲಿತರು. ೨೦೦೧ರಲ್ಲಿ ಅವರ ಸಮುದಾಯ ಮಾಧ್ಯಮ ಸಂಸ್ಥೆ ಏರ್ಪಟ್ಟಿತು. ೨೦೦೮ರಲ್ಲಿ ಅವರ ಸಂಘಂ ರೇಡಿಯೊ ಮೊದಲಾಯಿತು. ಕ್ಯಾಮೆರಾದ ನೋಟಗಳಿಗೆ ಇಂಗ್ಲಿಷಿನಲ್ಲಿರುವ ಹೆಸರುಗಳನ್ನು ಬಿಟ್ಟು ಅವರು ತಮ್ಮವೇ ಹೆಸರುಗಳನ್ನು ಇಟ್ಟುಕೊಂಡರು. ಮೇಲಿನಿಂದಲೋ ಕೆಳಗಿನಿಂದಲೋ ನೋಡುವ ನೋಟಗಳಿಗೆ ಒಡೆಯ ಆಳುಗಳ ಸಂಬಂಧದಿಂದ ಹೆಸರು ಬಂದಿತು. ಕಣ್ಣಿಗೆ ಕಣ್ಣು ಸಮನಾಗಿರುವ ನೋಟಕ್ಕೆ ಸಂಘಂ ನೋಟವೆಂದರು, ಏಕೆಂದರೆ ಸಂಘದಲ್ಲಿ ಎಲ್ಲರೂ ಒಂದೇ ಮಟ್ಟದಲ್ಲಿ ಕೂಡುತ್ತಾರೆ. ಇದು ಬರಿಯ ಭಾಷಾಂತರವಲ್ಲ. ಆ ಹೆಸರಿನಲ್ಲಿ ಕ್ಯಾಮೆರಾ ಇರುವ ಎತ್ತರದ ಜತೆಗೆ ಆ ಎತ್ತರದ ಅರ್ಥವೂ ಸೇರಿತು. ಆ ಮೇಲೆ ಯಾವ ದೃಶ್ಯಕ್ಕೆ ಯಾವ ನೋಟವೆಂಬ ಚರ್ಚೆಯಲ್ಲಿ ಅಕ್ಷರವಿಲ್ಲದವಳೂ ಪಾಲುಗೊಳ್ಳಬಲ್ಲಳು. ಲಾವಣಿಯ ಏರು ಇಳುವುಗಳಿಗೂ ಈ ಹೆಸರುಗಳಿಗೂ ಸಾಮ್ಯ ಸ್ಪಷ್ಟವಾಗಿದೆ: ಯೋಜನೆಯ ಅಂಗಗಳಿಗೆ ಎಲ್ಲರ ಬಾಯಲ್ಲಿ ಓಡಾಡುವ ಹೆಸರಿದ್ದಾಗ ಯೋಜನೆಯೂ ಎಲ್ಲರದಾಗುತ್ತದೆ.

ಶಿಕ್ಷಕರು ಇದರಿಂದ ವಿಚಾರಿಸಬೇಕಾದ ಸಂಗತಿಗಳು ಎರಡು. ಕ್ಲೋಸಪ್, ಫೇಡ್ ಮುಂತಾದ ಪರಿಭಾಷೆಯನ್ನು ಮೊದಲನೆಯ ದಿನವೇ ಹಂಚಿದರೆ, ಅದನ್ನು ಬೇಗ ಕಂಠಸ್ಥ ಮಾಡಿದವನು ಕೂಟದ ಯಜಮಾನನಾಗುತ್ತಾನೆ. ಅದಕ್ಕೆ ಮೊದಲು ಕೂಟವು ತನ್ನ ನೋಟಗಳಿಗೂ ಧ್ವನಿಗಳಿಗೂ ತಾನೇ ಹೆಸರಿಡಲಿ, ತಡವಾದರೂ ಚಿಂತೆಯಿಲ್ಲ.

ಎರಡನೆಯದು ಇನ್ನೂ ಸೂಕ್ಷ್ಮ. ಅಚ್ಚಾದ ನಕ್ಷೆಯಲ್ಲಿ ಚೌಕಗಳು ಎಡದಿಂದ ಬಲಕ್ಕೆ ಹೋಗುತ್ತವೆ, ಹಿಂದಿರುಗುವುದಿಲ್ಲ. ಲಾವಣಿಯಾದರೋ ಪ್ರತಿ ನುಡಿಯ ಕೊನೆಗೂ ಪಲ್ಲಕ್ಕೆ ಮರಳುತ್ತದೆ. ಆ ಮರಳಿಕೆಯಲ್ಲಿಯೇ ಹಿಮ್ಮೇಳದವರಿಗೆ ಬಾಯಿ ಬರುವುದು, ಕೇಳುವವರಿಗೆ ಉಸಿರು ಬರುವುದು. ಇಂಥ ಹಾಡನ್ನು ಕೇಳಿ ಬೆಳೆದವರು ಒಂದೇ ಚಿತ್ರ ಮತ್ತೆ ಮತ್ತೆ ಬರಬೇಕೆಂದು ಕೇಳಿದರೆ, ಪುನರುಕ್ತಿದೋಷವೆಂದು ಅದನ್ನು ಹೊಡೆದುಹಾಕುವುದು ಸುಲಭ. ಆದರೆ ಅದರೊಂದಿಗೆ ಅವರ ಕಥನಕ್ರಮವೂ ಹೋಗುತ್ತದೆ. ಅಂಥ ಕಡೆ ಕಾಗದದ ಸಾಲನ್ನು ಬಿಟ್ಟು, ಚಿತ್ರಗಳನ್ನು ನೆಲದ ಮೇಲೆ ಸುತ್ತಾಗಿ ಹರಡಿ, ಪಲ್ಲದ ಚಿತ್ರವನ್ನು ನಡುವೆ ಇಟ್ಟು, ಕೂಟದವರೆಲ್ಲ ಸುತ್ತಲೂ ಕುಳಿತು ಕೈಯಿಂದ ಕದಲಿಸುವಂತೆ ಮಾಡಬಹುದು. ಕ್ರಮ ಗಟ್ಟಿಯಾಗುವ ತನಕ ಲೇಖನಿಯನ್ನು ಯಾರೂ ಮುಟ್ಟಬೇಕಾಗಿಲ್ಲ.