ಮಗು ಗಾಡಿಯಲ್ಲಿ ಎಷ್ಟು ಹೊತ್ತು ಕೂರಬೇಕು?

ಕಾಸರಗೋಡು ಜಿಲ್ಲೆಯ ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಕಾರಡ್ಕ ಪಂಚಾಯತುಗಳಲ್ಲಿ ಇಂದಿಗೂ ಮನೆಮನೆಯಲ್ಲಿ ಕನ್ನಡ ಕೇಳಿಬರುತ್ತದೆ. ಆ ಭಾಗದ ಸರ್ಕಾರಿ ನಿಗಮದ ಗೇರುತೋಟಗಳ ಮೇಲೆ 2000ನೇ ಇಸವಿಯವರೆಗೆ, ಇಪ್ಪತ್ತಕ್ಕೂ ಹೆಚ್ಚು ವರ್ಷ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಕಥೆ ವಾಚಕರಿಗೆ ತಿಳಿದದ್ದೇ. ಅಲ್ಲಿ ಪಂಚಾಯತುಗಳು ನಡೆಸುವ ಬಡ್ಸ್ ಶಾಲೆಗಳ ಬಗ್ಗೆ ತಿಳಿದವರು ಕಡಿಮೆ. ಬುದ್ಧಿ ಬೆಳವಣಿಗೆ ಕುಂಠಿತವಾದ ಮಕ್ಕಳಿಗಾಗಿ ಇರುವ ಈ ಶಾಲೆಗಳಿಗೆ ಮಗುವನ್ನು ತಲುಪಿಸುವುದೇ ಅರ್ಧ ಕೆಲಸ. ಎಷ್ಟೋ ಮನೆಗಳು ಗುಡ್ಡದ ಬುಡದ ಅಡಿಕೆ ತೋಟದಲ್ಲಿವೆ, ರಸ್ತೆ ಮೇಲಿದೆ. ಹದಿನಾಲ್ಕು ವರ್ಷದ ಮಗನನ್ನು ತಾಯಿ ಎಷ್ಟು ದಿನ ಎತ್ತಿಕೊಂಡು ಏರಿಯಾಳು?

ಇದು ಕಾಸರಗೋಡಿಗೆ ಮಾತ್ರ ಸೇರಿದ ಮಾತಲ್ಲ. ಜತ್, ಅಕ್ಕಲಕೋಟೆಯ ಕಡೆ ಗುಡ್ಡವಿಲ್ಲದಿದ್ದರೂ ಹಳ್ಳಿಗಳು ದೂರ ದೂರ. ನಮ್ಮ ಮನೆತನಗಳಲ್ಲೂ ಇಂಥ ಮಕ್ಕಳಿದ್ದಾರೆ. ಅಣ್ಣತಮ್ಮಂದಿರ ಸಂಬಂಧಕ್ಕೆ ಅಡ್ಡಿಯಾದೀತೆಂದು ಒಳಮನೆಯಲ್ಲೇ ಇಟ್ಟುಕೊಂಡವರೂ ಇದ್ದಾರೆ, ಮುಚ್ಚಿಟ್ಟು ಫಲವಿಲ್ಲ. ‘ಶಾಲೆ ದೂರ, ಗಾಡಿ ಬರುವುದಿಲ್ಲ’ ಎಂಬ ಮಾತು ಇವರಿಗೆ ಒಳ್ಳೆಯ ನೆವವಾಗಿಬಿಟ್ಟಿದೆ.

ವ್ಯಾಪಾರಸ್ಥರಾದ ನಮಗೆ ದಾರಿಯ ಲೆಕ್ಕ ಹೊಸದಲ್ಲ. ಮಾಲು ಹೊತ್ತ ಗಾಡಿ ಯಾವ ಊರು ಮುಟ್ಟಿ ಯಾವ ಊರಿಗೆ ಹೋದರೆ ಡೀಸೆಲ್ ಉಳಿದೀತೆಂದು ನಮ್ಮ ಗುಮಾಸ್ತರು ಬಾಯಲ್ಲೇ ಹೇಳುತ್ತಾರೆ. ಆದರೆ ಸಕ್ಕರೆ ಚೀಲ ಗಾಡಿಯಲ್ಲಿ ಮೂರು ಗಂಟೆ ಕೂತರೂ ಅಳುವುದಿಲ್ಲ. ಶಾಲೆಯ ಗಾಡಿಗೆ ಮೊದಲು ನೋಡಬೇಕಾದದ್ದು ಮಗು ಆಸನದಲ್ಲಿ ಎಷ್ಟು ನಿಮಿಷ ಕೂರುತ್ತದೆ ಎಂಬುದನ್ನು. ಕಿಲೋಮೀಟರಿನ ಮಾತು ಆಮೇಲೆ.

ಲೆಕ್ಕಕ್ಕಾಗಿ ಹನ್ನೆರಡು ಮಕ್ಕಳು, 24 ಕಿ.ಮೀ. ಗುಡ್ಡದ ದಾರಿ ಎಂದು ಹಿಡಿಯೋಣ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಓಟಕ್ಕೇ 72 ನಿಮಿಷ. ಗಾಲಿಕುರ್ಚಿಯ ಅಥವಾ ಎತ್ತಿ ಕೂರಿಸಬೇಕಾದ ಆರು ಮಕ್ಕಳಿಗೆ ತಲಾ 4 ನಿಮಿಷ, ಉಳಿದವರಿಗೆ 2 ನಿಮಿಷ ಹಿಡಿದರೆ ನಿಲ್ಲುವುದಕ್ಕೇ 36 ನಿಮಿಷ. ಒಟ್ಟು 108. ಮೊದಲು ಹತ್ತಿದ ಮಗು ಹೆಚ್ಚುಕಡಿಮೆ ಒಂದೂಮುಕ್ಕಾಲು ಗಂಟೆ ಬಿಗಿದು ಕೂತಿರಬೇಕು. ಅದೇ ಮಕ್ಕಳನ್ನು ಎರಡು ಸಣ್ಣ ಗಾಡಿಗಳಲ್ಲಿ ಆರಾರಾಗಿ ಹಂಚಿ, ಒಂದೊಂದಕ್ಕೆ 14 ಕಿ.ಮೀ. ದಾರಿ ಹಾಕಿದರೆ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಓಟ ಹೆಚ್ಚಾದದ್ದು 4 ಕಿ.ಮೀ.; ಇನ್ನೊಬ್ಬ ಚಾಲಕನ ಸಂಬಳವೂ ಬೀಳುತ್ತದೆ, ನಿಜ. ಆದರೂ ಒಂದು ಗಂಟೆ ಮೀರಬಾರದೆಂಬುದೇ ನಮ್ಮ ಅಭಿಪ್ರಾಯ. ಸುತ್ತುದಾರಿಯಾದರೆ ಸಂಜೆಯೂ ಅದೇ ದಿಕ್ಕಿನಲ್ಲಿ ಹೋಗಲಿ: ಬೆಳಿಗ್ಗೆ ಮೊದಲು ಹತ್ತಿದವನು ಸಂಜೆ ಮೊದಲು ಇಳಿಯುತ್ತಾನೆ, ಕಷ್ಟ ಎಲ್ಲರಿಗೂ ಸಮನಾಗಿ ಹಂಚಿಹೋಗುತ್ತದೆ.

ನಕ್ಷೆ ಬರೆಯುವ ಮುನ್ನ ಮನೆಮನೆಗೆ ಹೋಗಿ ಒಂದು ವಹಿ ಮಾಡತಕ್ಕದ್ದು. ಮಗು ನಡೆಯುತ್ತದೆಯೇ, ಮೂರ್ಛೆ ಬರುತ್ತದೆಯೇ, ಮಾತ್ರೆ ಎಷ್ಟು ಗಂಟೆಗೆ, ಗದ್ದಲಕ್ಕೆ ಹೆದರುತ್ತದೆಯೇ, ಮಳೆಗಾಲದಲ್ಲಿ ಅಂಗಳದವರೆಗೆ ಗಾಡಿ ಇಳಿದೀತೇ. ಗದ್ದಲ ತಾಳದ ಮಗುವನ್ನು ಕೊನೆಗೆ ಹತ್ತಿಸಬೇಕು. ರಸ್ತೆ ದಾಟಲಾರದ ಮಗುವಿಗಾಗಿ ಗಾಡಿಯೇ ಸುತ್ತಿ ಮನೆಯ ಮಗ್ಗುಲಿಗೆ ಬರಬೇಕು, ಎರಡು ಕಿಲೋಮೀಟರು ಹೆಚ್ಚಾದರೂ ಸರಿ. ಗಾಲಿಕುರ್ಚಿ ಮುಂದಕ್ಕೆ ಮುಖ ಮಾಡಿರಬೇಕು, ಅಡ್ಡಕ್ಕಲ್ಲ. ಕುರ್ಚಿಯನ್ನು ನಾಲ್ಕು ಮೂಲೆಯಲ್ಲಿ ನೆಲಕ್ಕೆ ಬಿಗಿಯಬೇಕು, ಮಗುವಿಗೆ ಬೇರೆ ಬೆಲ್ಟ್ ಬೇಕು. ಆಟಿಸಂ ಇರುವ ಮಗುವಿಗೆ ಚಾಲಕ ಬದಲಾದರೂ, ದಾರಿ ಬದಲಾದರೂ ದಿಗಿಲು. ಆದ್ದರಿಂದ ಹೊಸಬರು ಬರುವುದಿದ್ದರೆ ಮುಂಚಿತವಾಗಿ ಮನೆಗೆ ಹೇಳಿ, ಸಾಧ್ಯವಾದರೆ ಫೋಟೋ ತೋರಿಸಬೇಕು. ಸಂಜೆ ವಹಿಯಲ್ಲಿ ಹೆಸರಿರುವವರ ಕೈಗಲ್ಲದೆ ಮಗುವನ್ನು ಒಪ್ಪಿಸಕೂಡದು. ಬಾಗಿಲಿಗೆ ಬೀಗವಿದ್ದರೆ ಮಗು ಶಾಲೆಗೆ ಮರಳಲಿ. ಕೊನೆಯ ಮನೆ ಮುಟ್ಟಿದ ಮೇಲೆ ಆಯಾ ಹಿಂದಿನ ಸೀಟಿನವರೆಗೆ ನಡೆದು ನೋಡಬೇಕು. ನಿದ್ದೆಹೋದ ಮಗು ಕೂಗಿ ಹೇಳುವುದಿಲ್ಲ.

ಕಾನೂನೂ ಕೈಬಿಟ್ಟಿಲ್ಲ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರದು. ಅದರ 16ನೇ ಕಲಮು ಸರ್ಕಾರದ ನೆರವು ಅಥವಾ ಮಾನ್ಯತೆ ಪಡೆದ ಶಾಲೆಗಳು ಇಂಥ ಮಕ್ಕಳಿಗೆ ವಾಹನ ಸೌಕರ್ಯ ಕೊಡಬೇಕೆನ್ನುತ್ತದೆ. ಹೆಚ್ಚಿನ ಆಸರೆ ಬೇಕಾದ ಮಗುವಾದರೆ ಜೊತೆಗಾರರಿಗೂ ಸೇರಿಸಿ. ಸಮಗ್ರ ಶಿಕ್ಷಾ ಯೋಜನೆಯಲ್ಲಿ ಸಾರಿಗೆ ಭತ್ಯೆಯೂ ಜೊತೆಗಾರರ ಭತ್ಯೆಯೂ ಇವೆ. ಬ್ಲಾಕ್ ಸಂಪನ್ಮೂಲ ಕೇಂದ್ರದಲ್ಲಿ ವಿಚಾರಿಸಬಹುದು.

ಇನ್ನು ದಾನದ ಮಾತು. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕರಲ್ಲಿ ಈ ಗಾಡಿ ಎರಡನ್ನಾದರೂ ಹೊರುತ್ತದೆ. ಗಾಡಿ ಕೊಡಿಸಲು ನಮ್ಮಲ್ಲಿ ದಾತೃಗಳು ಸಿಗುತ್ತಾರೆ, ಪಕ್ಕದಲ್ಲಿ ಹಿರಿಯರ ಹೆಸರು ಬರೆಸಬಹುದಲ್ಲ! ಆಯಾ ಸಂಬಳಕ್ಕೆ, ವಿಮೆಗೆ, ಟೈರಿಗೆ ಹೆಸರು ಬರೆಸಲು ಜಾಗವಿಲ್ಲ. ಗಾಡಿಗಳು ನಿಂತುಹೋಗುವುದು ಅಲ್ಲಿಯೇ. ಕೊಡುವವರು ಒಂದು ಗಾಡಿಯ ಬೆಲೆಯಲ್ಲಿ ಹಳೆಯ ಸಣ್ಣ ಗಾಡಿಯೊಂದನ್ನು ಕೊಂಡು, ಉಳಿದ ಮೊತ್ತವನ್ನು ಶಾಲೆಯ ಹೆಸರಿನಲ್ಲಿ ಮುದ್ದತ್ ಠೇವಣಿ ಇಟ್ಟು, ಬಡ್ಡಿ ಆಯಾ ಸಂಬಳಕ್ಕೇ ಸಲ್ಲತಕ್ಕದ್ದೆಂದು ಪತ್ರದಲ್ಲಿ ಬರೆಸಲಿ. ಗಾಡಿ ಕೆಟ್ಟ ದಿನಕ್ಕೆ ಬದಲಿ ಯಾರದೆಂಬುದೂ ಅದೇ ಪತ್ರದಲ್ಲಿರಲಿ. ಭಾನುವಾರ ಸುಮ್ಮನೆ ನಿಲ್ಲುವ ಅಂಗಡಿಯ ವ್ಯಾನು ಶಾಲೆಗೆ ಬೇಕಾಗುವುದು ಸೋಮವಾರ.